ಬಿದಿರಿನ ವಿಮಾನದ ನಿರ್ಮಾಪಕ

ವಿಮಾನವೆಂದೊಡನೆ ನಮಗೆ ಅಮೆರಿಕದ ರೈಟ್ ಸೋದರರ ನೆನಪಾಗುತ್ತದೆ. 1903ರ ಡಿಸೆಂಬರ್ 17ರಂದು ಯಂತ್ರಚಾಲಿತ ವಿಮಾನದಲ್ಲಿ ಹಾರಿದ ಕೀರ್ತಿ ಅವರದು. ಅದೇ ಕಾಲದಲ್ಲಿ ವಿಮಾನವಿದ್ಯೆಗೆ ತನ್ನ ಸಂಪತ್ತನ್ನೂ ಆಯುಷ್ಯವನ್ನೂ ಧಾರೆಯೆರೆದು, ಅದರ ಫಲವನ್ನು ಲೋಕಕ್ಕೆ ಉಚಿತವಾಗಿ ಹಂಚಿದ ಮತ್ತೊಬ್ಬ ಸಾಹಸಿಯಿದ್ದನು. ಅವನೇ ಬ್ರೆಜಿಲ್ ದೇಶದ ಆಲ್ಬರ್ಟೊ ಸಾಂಟೋಸ್ ಡ್ಯುಮಾಂಟ್.

ಡ್ಯುಮಾಂಟನು 1873ರ ಜುಲೈ 20ರಂದು ಜನಿಸಿದನು. ತಂದೆ ಹೆನ್ರಿಕ್ ಇಂಜಿನಿಯರ್. ವಿಶಾಲವಾದ ಕಾಫಿ ತೋಟಗಳ ಒಡೆಯ. ತೋಟದೊಳಗೆ ಕಾಫಿ ಸಾಗಿಸಲು ರೈಲುದಾರಿಯಿದ್ದಿತು. ಬಾಲಕ ಆಲ್ಬರ್ಟೊ ಉಗಿಬಂಡಿಯನ್ನು ನಡೆಸುತ್ತ, ಯಂತ್ರಗಳ ಮರ್ಮವನ್ನರಿಯುತ್ತ ಬೆಳೆದನು. ಜೂಲ್ಸ್ ವರ್ನ್‌ನ ಕಾದಂಬರಿಗಳು ಅವನಲ್ಲಿ ಆಕಾಶಯಾನದ ಕನಸನ್ನು ಬಿತ್ತಿದವು. ತಂದೆಯು ಅಪಘಾತಕ್ಕೀಡಾಗಿ ಪಾರ್ಶ್ವವಾಯುವಿನಿಂದ ನರಳಿದನು. ಆತನು 1892ರಲ್ಲಿ ಮಗನ ಪಾಲಿನ ಆಸ್ತಿಯನ್ನು ಅವನ ಕೈಗಿತ್ತು, ಯಂತ್ರವಿದ್ಯೆಯನ್ನು ಕಲಿಯಲು ಪ್ಯಾರಿಸ್ಸಿಗೆ ಹೋಗುವಂತೆ ಸೂಚಿಸಿದನು.

1898ರಲ್ಲಿ ಡ್ಯುಮಾಂಟನು ಪುಟ್ಟದೊಂದು ಬಲೂನನ್ನು ನಿರ್ಮಿಸಿದನು. ಬಲೂನು ಗಾಳಿ ಬೀಸಿದತ್ತ ಹೋಗುವುದೇ ಹೊರತು ಮನುಷ್ಯನು ಬಯಸಿದತ್ತ ಹೋಗದು. ಅದಕ್ಕೆ ಎಂಜಿನನ್ನು ಜೋಡಿಸಿ ವಾಯುನೌಕೆಯನ್ನು ರಚಿಸಲು ಅವನು ತೊಡಗಿದನು. ಆಗ ಸೇಂಟ್ ಕ್ಲೌಡ್‌ನಿಂದ ಹೊರಟು ಐಫೆಲ್ ಗೋಪುರವನ್ನು ಸುತ್ತಿ, 30 ನಿಮಿಷಗಳಲ್ಲಿ ಮರಳುವವರಿಗೆ ದೊಡ್ಡ ಬಹುಮಾನವೊಂದು ಘೋಷಿತವಾಗಿದ್ದಿತು. 1901ರ ಆಗಸ್ಟ್ 8ರ ಪ್ರಯತ್ನದಲ್ಲಿ ಅವನ ಐದನೆಯ ನೌಕೆಯು ಅನಿಲ ಸೋರಿ, ಹೋಟೆಲೊಂದರ ಮಾಡಿಗೆ ಬಡಿದು ಚೂರಾಯಿತು. ಗೋಡೆಗೆ ನೇತುಬಿದ್ದಿದ್ದ ಅವನನ್ನು ಅಗ್ನಿಶಾಮಕರು ಮೇಲೆತ್ತಿದರು. ಅವನು ಎದೆಗುಂದಲಿಲ್ಲ. ಕೆಲವೇ ವಾರಗಳಲ್ಲಿ ಆರನೆಯ ನೌಕೆಯು ಸಿದ್ಧವಾಯಿತು. ಅಕ್ಟೋಬರ್ 19ರಂದು ಗೋಪುರವನ್ನು ಸುತ್ತಿ ಬಂದು ಅವನು ಬಹುಮಾನವನ್ನು ಗಳಿಸಿದನು. ಆ ಹಣವನ್ನು ಮಾತ್ರ ತನಗಾಗಿ ಇರಿಸಿಕೊಳ್ಳದೆ, ತನ್ನ ಕೆಲಸಗಾರರಿಗೂ ಪ್ಯಾರಿಸ್ಸಿನ ಬಡವರಿಗೂ ಹಂಚಿಬಿಟ್ಟನು.

ಬಳಿಕ ಅವನ ದೃಷ್ಟಿಯು ವಿಮಾನದತ್ತ ಹರಿಯಿತು. 1906ರ ನವೆಂಬರ್ 12ರಂದು ಅವನ ವಿಮಾನವು ಪ್ಯಾರಿಸ್ಸಿನ ಜನಸ್ತೋಮದ ಮುಂದೆ 220 ಮೀಟರ್ ದೂರ ಹಾರಿತು. ಆದರೆ ಅವನ ನಿಜವಾದ ಹಿರಿಮೆಯಿರುವುದು ‘ಡೆಮಾಯ್ಸೆಲ್’ ಎಂಬ ಕಿರುವಿಮಾನದಲ್ಲಿ. ಫ್ರೆಂಚರು ತರುಣಿಯನ್ನೂ ನೀರಿನ ಬಳಿ ಹಾರಾಡುವ ತೆಳುದೇಹದ ಕೀಟವೊಂದನ್ನೂ ಈ ಹೆಸರಿನಿಂದ ಕರೆಯುತ್ತಾರೆ. ಅಂಥ ಕೀಟಗಳನ್ನು ಕಂಡು ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವರಷ್ಟೆ. ಅಲ್ಲಿ ವಿಮಾನಕ್ಕೇ ಕೀಟದ ಹೆಸರು ಬಂದಿತು!

ಡೆಮಾಯ್ಸೆಲ್‌ನ ಒಡಲು ಬಿದಿರಿನ ಗಳುಗಳಿಂದಾದುದು. ರೆಕ್ಕೆಗಳಿಗೆ ರೇಷ್ಮೆಯ ಹೊದಿಕೆ. ರೆಕ್ಕೆಗಳ ಹರವು ಸುಮಾರು ಐದೂವರೆ ಮೀಟರ್. ತೂಕ ನೂರು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಎಂಜಿನ್ ಮೇಲೆ, ಚಾಲಕನು ರೆಕ್ಕೆಯ ಕೆಳಗೆ. ಅವನು ಮೈಯನ್ನು ಪಕ್ಕಕ್ಕೆ ವಾಲಿಸಿದರೆ ತಂತಿಯ ಎಳೆತದಿಂದ ರೆಕ್ಕೆಯ ಅಂಚು ಬಾಗಿ ವಿಮಾನವು ಸಮತೋಲಕ್ಕೆ ಬರುತ್ತಿದ್ದಿತು. 1909ರಲ್ಲಿ ಡ್ಯುಮಾಂಟನು ಇದರಲ್ಲಿ ಸೇಂಟ್ ಸಿರ್‌ನಿಂದ ಬುಕ್‌ವರೆಗೆ ಸುಮಾರು 8 ಕಿಲೋಮೀಟರ್ ಹಾರಿದನು.

ಇಂತಹ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದರೆ ಅವನು ಅಪಾರ ಧನವನ್ನು ಗಳಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಬಯಸಿದವರೆಲ್ಲರೂ ಅದನ್ನು ನಿರ್ಮಿಸಿಕೊಳ್ಳಲು ಅನುವು ಮಾಡಿಕೊಟ್ಟನು. 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆಯು ಅದರ ನಕ್ಷೆಗಳನ್ನು ಅಚ್ಚುಮಾಡಿತು. ಉತ್ಸಾಹಿಗಳು ಆ ನಕ್ಷೆಗಳನ್ನು ಮುಂದಿಟ್ಟುಕೊಂಡು ಸ್ವಂತ ವಿಮಾನಗಳನ್ನು ಕಟ್ಟಿದರು. ಇಂದು ಹಲವು ದೇಶಗಳಲ್ಲಿ ಹವ್ಯಾಸಿಗಳು ಬಿಡಿಭಾಗಗಳನ್ನು ತರಿಸಿ, ಮನೆಯಲ್ಲೇ ಜೋಡಿಸಿ, ಅಧಿಕಾರಿಗಳ ಅನುಮತಿ ಪಡೆದು ಹಾರುತ್ತಾರೆ. ಆ ಪರಂಪರೆಯ ಮೂಲಪುರುಷರಲ್ಲಿ ಡ್ಯುಮಾಂಟನೂ ಒಬ್ಬನು.

1910ರಲ್ಲಿ ಅನಾರೋಗ್ಯದಿಂದ ಅವನ ಹಾರಾಟವು ನಿಂತಿತು. ಅದಕ್ಕಿಂತ ಮಿಗಿಲಾದ ನೋವು ಮುಂದೆ ಕಾದಿದ್ದಿತು. 1914ರಲ್ಲಿ ಮೊದಲಾದ ಮಹಾಯುದ್ಧದಲ್ಲಿ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಜನರನ್ನು ಹತ್ತಿರ ತರಬೇಕಾದ ಸಾಧನವು ಕೊಲೆಯ ಆಯುಧವಾದುದನ್ನು ಕಂಡು ಅವನ ಮನಸ್ಸು ಮರುಗಿತು. ಯುದ್ಧದಲ್ಲಿ ವಿಮಾನ ಬಳಕೆಯನ್ನು ನಿಷೇಧಿಸಬೇಕೆಂದು 1926ರಲ್ಲಿ ರಾಷ್ಟ್ರಸಂಘಕ್ಕೆ ಮನವಿ ಮಾಡಿದನು. ಅದು ಫಲಿಸಲಿಲ್ಲ. 1932ರಲ್ಲಿ ಅವನ ತಾಯ್ನಾಡಿನಲ್ಲೇ ಅಂತರ್ಯುದ್ಧವು ಹೊತ್ತಿಕೊಂಡಿತು. ಅಲ್ಲಿಯೂ ವಿಮಾನಗಳು ಬಾಂಬು ಹಾಕಿದವು. ರೋಗದಿಂದಲೂ ದುಃಖದಿಂದಲೂ ಜರ್ಜರಿತವಾಗಿದ್ದ ಆ ಜೀವವು ಅದೇ ವರ್ಷ ಜುಲೈ 23ರಂದು ಅಸ್ತಂಗತವಾಯಿತು.

ಜ್ಞಾನವನ್ನು ಹಂಚುವುದು ದೊಡ್ಡ ಗುಣ. ಹಂಚಿದ ಜ್ಞಾನವನ್ನು ಲೋಕವು ಹೇಗೆ ಬಳಸುವುದೆಂಬ ಚಿಂತೆಯನ್ನೂ ಹೊರುವುದು ಅದಕ್ಕಿಂತ ದೊಡ್ಡ ಗುಣ. ಡ್ಯುಮಾಂಟನ ಬಾಳಿನಲ್ಲಿ ಇವೆರಡೂ ಮೇಳವಿಸಿದ್ದವು.