ಹಾಸ್ಯ ಹಾಗೂ ಪೋಷಕ ನಟ ಶ್ರೀ ಟಿ.ಎನ್. ಬಾಲಕೃಷ್ಣ (1911–1995): ಜೀವನ ಮತ್ತು ಸಾಧನೆ

ಪೀಠಿಕೆ

ಕನ್ನಡ ಚಲನಚಿತ್ರರಂಗದ ಹಿರಿಯ ಹಾಸ್ಯ ಹಾಗೂ ಪೋಷಕ ನಟರ ಸಾಲಿನಲ್ಲಿ ಶ್ರೀ ಟಿ.ಎನ್. ಬಾಲಕೃಷ್ಣ ಅವರ ಹೆಸರು ಅಗ್ರಗಣ್ಯವಾದುದು. ನಾಡಿನ ಜನತೆ ಇವರನ್ನು ಪ್ರೀತಿಯಿಂದ ಬಾಲಣ್ಣ ಎಂದೇ ಕರೆಯುತ್ತಿದ್ದರು. ಐದು ದಶಕಗಳಿಗೂ ಮಿಕ್ಕಿದ ವೃತ್ತಿಜೀವನದಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ಇವರ ಸಾಧನೆಯು ಮತ್ತೊಂದು ಕಾರಣಕ್ಕೂ ಸ್ಮರಣೀಯವಾಗಿದೆ. ಮಾತಿನ ಧಾಟಿಯಿಂದಲೇ ಪ್ರೇಕ್ಷಕರನ್ನು ನಗಿಸಿದ ಈ ಕಲಾವಿದರು ಶ್ರವಣದೋಷವುಳ್ಳವರಾಗಿದ್ದರು. ತಾವು ಸರಿಯಾಗಿ ಕೇಳಲಾಗದ ಮಾತಿಗೆ ಸಕಾಲದಲ್ಲಿ ಉತ್ತರ ಕೊಡುವುದೇ ಇವರ ನಿತ್ಯದ ವೃತ್ತಿಯಾಗಿತ್ತು.

ಜನನ ಮತ್ತು ರಂಗಭೂಮಿ

ಶ್ರೀಯುತರು ದಿನಾಂಕ 2-11-1911ರಂದು ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯವು ಕಷ್ಟದಲ್ಲಿಯೇ ಕಳೆಯಿತು. ಜೀವನೋಪಾಯವನ್ನು ಅರಸುತ್ತ ಬಂದ ಇವರಿಗೆ ಆಸರೆಯಾದದ್ದು ವೃತ್ತಿ ರಂಗಭೂಮಿ.

ಅಂದಿನ ನಾಟಕ ಕಂಪನಿಗಳು ಒಂದು ಊರಿನಲ್ಲಿ ಕೆಲವು ಕಾಲ ಕ್ಯಾಂಪು ಹಾಕಿ, ನಂತರ ಮತ್ತೊಂದು ಊರಿಗೆ ತೆರಳುತ್ತಿದ್ದವು. ಸುಗ್ಗಿಯ ನಂತರದ ಜಾತ್ರೆಗಳು ಇಂತಹ ಕಂಪನಿಗಳ ಆದಾಯಕ್ಕೆ ಮುಖ್ಯ ಆಧಾರವಾಗಿದ್ದವು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಂತಹ, ದನಗಳ ಜಾತ್ರೆಗೆ ಹೆಸರಾದ ಕ್ಷೇತ್ರಗಳಲ್ಲಿ ರೈತಾಪಿ ಜನರು ಹಲವು ದಿನ ಬೀಡುಬಿಡುತ್ತಿದ್ದುದರಿಂದ, ಜಾತ್ರೆ ಎಂದರೆ ವ್ಯಾಪಾರದೊಂದಿಗೆ ಮನರಂಜನೆಯೂ ಕೂಡಿಬರುತ್ತಿದ್ದ ಕಾಲವದು. ಧ್ವನಿವರ್ಧಕಗಳು ಇನ್ನೂ ಸಾಮಾನ್ಯವಾಗಿರದ ದಿನಗಳಲ್ಲಿ ನೆಲದ ಮೇಲೆ ಕುಳಿತ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಬೇಕಾಗಿತ್ತು. ಹಾಸ್ಯನಟನ ಪಾಲಿಗೆ ಈ ನಿಯಮವು ಇನ್ನಷ್ಟು ಕಠಿಣ. ಒಂದು ಪದ ತಡವಾದರೂ ನಗೆ ತಪ್ಪಿಹೋಗುತ್ತದೆ. ಶ್ರೀ ಬಾಲಕೃಷ್ಣ ಅವರ ಕಂಠವೂ ಸಮಯಪ್ರಜ್ಞೆಯೂ ಪಳಗಿದ್ದು ಇಂತಹ ರಂಗಭೂಮಿಯಲ್ಲಿ.

ಶ್ರವಣದೋಷ ಮತ್ತು ಅಭಿನಯ

ಶ್ರೀಯುತರು ಎದುರಿನ ನಟರ ತುಟಿಯ ಚಲನೆಯನ್ನು ಗಮನಿಸಿ, ಅವರ ಮಾತು ಮುಗಿಯುವ ಕ್ಷಣವನ್ನು ಗುರುತಿಸಿ, ತಮ್ಮ ಸಂಭಾಷಣೆಯನ್ನು ಆರಂಭಿಸುತ್ತಿದ್ದರು. ಇದಕ್ಕೆ ತಮ್ಮ ಪಾತ್ರದ ಮಾತುಗಳಷ್ಟೇ ಅಲ್ಲದೆ ಇಡೀ ದೃಶ್ಯದ ನಡೆಯೂ ಮನನವಾಗಿರಬೇಕಾಗುತ್ತದೆ. ಇವರು ಚಿತ್ರರಂಗ ಪ್ರವೇಶಿಸಿದ ಕಾಲದಲ್ಲಿ ಚಿತ್ರೀಕರಣದ ಜೊತೆಯಲ್ಲಿಯೇ ಧ್ವನಿಮುದ್ರಣವೂ ನಡೆಯುವುದು ರೂಢಿಯಲ್ಲಿತ್ತು. ಒಬ್ಬ ನಟ ತಪ್ಪಿದಲ್ಲಿ ದೃಶ್ಯವನ್ನು ಪುನಃ ಚಿತ್ರೀಕರಿಸಬೇಕಾಗಿತ್ತು. ಅದಕ್ಕೆ ತಗಲುವ ಫಿಲ್ಮಿನ ವೆಚ್ಚವೂ ಅಲ್ಪವಲ್ಲ. ಇಂತಹ ವ್ಯವಸ್ಥೆಯಲ್ಲಿ ನಿರ್ಮಾಪಕರು ಐದು ದಶಕಗಳ ಕಾಲ ಇವರಿಗೆ ಪಾತ್ರಗಳನ್ನು ವಹಿಸುತ್ತ ಬಂದರು ಎಂಬುದೇ ಇವರ ಶಿಸ್ತಿಗೆ ಸಾಕ್ಷಿ. ಇವರ ಶ್ರವಣದೋಷದ ಅರಿವೇ ಇಲ್ಲದೆ ಚಿತ್ರ ನೋಡಿ ನಕ್ಕ ಪ್ರೇಕ್ಷಕರ ಸಂಖ್ಯೆ ಬಹು ದೊಡ್ಡದು.

ಚಲನಚಿತ್ರ ಸೇವೆ

1943ರಲ್ಲಿ ತೆರೆಕಂಡ ರಾಧಾರಮಣ ಚಿತ್ರದ ಮೂಲಕ ಶ್ರೀ ಬಾಲಕೃಷ್ಣ ಅವರು ಚಿತ್ರರಂಗಕ್ಕೆ ಪಾದಾರ್ಪಣೆ ಮಾಡಿದರು. ಕನ್ನಡದ ಪ್ರಥಮ ಮಹಿಳಾ ನಿರ್ಮಾಪಕಿ ಶ್ರೀಮತಿ ಎಂ.ವಿ. ರಾಜಮ್ಮ ಅವರು ಈ ಚಿತ್ರದ ನಿರ್ಮಾಪಕರು. ಶ್ರೀ ಜಿ.ವಿ. ಅಯ್ಯರ್ ಅವರೂ ಇದೇ ಚಿತ್ರದಿಂದ ಬೆಳ್ಳಿತೆರೆಗೆ ಬಂದರು.

1954ರಲ್ಲಿ ಬೇಡರ ಕಣ್ಣಪ್ಪ ಚಿತ್ರದೊಂದಿಗೆ ಡಾ. ರಾಜ್‌ಕುಮಾರ್ ಅವರ ಯುಗ ಆರಂಭವಾಯಿತು. ತದನಂತರದ ವರ್ಷಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು ಮತ್ತು ಬಾಲಕೃಷ್ಣ ಈ ಮೂವರು ಒಂದೇ ಚಿತ್ರದಲ್ಲಿರುವುದು ಪ್ರೇಕ್ಷಕರಿಗೆ ವಾಡಿಕೆಯಾಯಿತು. ನರಸಿಂಹರಾಜು ಅವರದು ಮೈಮಾಟ ಮತ್ತು ಮುಖಭಾವದಿಂದ ಹೊಮ್ಮುವ ಮುಗ್ಧ ಹಾಸ್ಯ. ಬಾಲಕೃಷ್ಣ ಅವರ ಹಾಸ್ಯದಲ್ಲಿ ಕುಹಕವೂ ಬೆರೆತಿರುತ್ತಿತ್ತು. ಜಿಪುಣ, ಚಾಡಿಕೋರ, ಆಸೆಬುರುಕ ಬಂಧು, ಊರಿನ ಕುತಂತ್ರಿ ಮುಂತಾದ ಪಾತ್ರಗಳಲ್ಲಿ ಪ್ರೇಕ್ಷಕರು ಇವರನ್ನು ಬೈಯುತ್ತಲೇ ನಗುತ್ತಿದ್ದರು. ಹಾಸ್ಯ ಮತ್ತು ಖಳ ಪಾತ್ರಗಳ ನಡುವಿನ ಗೆರೆಯನ್ನು ಇಷ್ಟು ಸಲೀಸಾಗಿ ದಾಟಿದ ನಟರು ವಿರಳ.

ಇವರು ಸಾತ್ವಿಕ ಪಾತ್ರಗಳಲ್ಲಿಯೂ ಅಷ್ಟೇ ಸಮರ್ಥರು. 1972ರಲ್ಲಿ ತೆರೆಕಂಡ ಬಂಗಾರದ ಮನುಷ್ಯ ಚಿತ್ರದಲ್ಲಿ ಕಥಾನಾಯಕ ರಾಜೀವನಿಗೆ ಒತ್ತಾಸೆಯಾಗಿ ನಿಲ್ಲುವ ರಾಚೂಟಪ್ಪನ ಪಾತ್ರವು ಇದಕ್ಕೆ ಉತ್ತಮ ನಿದರ್ಶನ. ಶ್ರೀ ಸಿದ್ಧಲಿಂಗಯ್ಯ ನಿರ್ದೇಶಿಸಿದ ಈ ಚಿತ್ರವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ದೀರ್ಘಕಾಲ ಪ್ರದರ್ಶನಗೊಂಡು ದಾಖಲೆ ನಿರ್ಮಿಸಿತು.

ಕಲಾವಿದರ ಸಂಘ

1950ರ ದಶಕದಲ್ಲಿ ಕನ್ನಡದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಚಿತ್ರಗಳ ಸಂಖ್ಯೆ ಕಡಿಮೆಯಿತ್ತು. ಅವುಗಳ ಬಹುಪಾಲು ಕೆಲಸವೂ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ಇದರಿಂದಾಗಿ ಕನ್ನಡ ಕಲಾವಿದರು ಕೆಲಸವಿಲ್ಲದೆ ದಿನ ಕಳೆಯಬೇಕಾದ ಪರಿಸ್ಥಿತಿ ಒದಗಿತ್ತು. ಈ ಸಂದರ್ಭದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಅವರು ಒಗ್ಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಡಿನಾದ್ಯಂತ ಸಂಚರಿಸಿ ನಾಟಕಗಳನ್ನು ಪ್ರದರ್ಶಿಸಿದರು. ಸಂಘದ ವತಿಯಿಂದ ನಿರ್ಮಿಸಲಾದ ರಣಧೀರ ಕಂಠೀರವ ಚಿತ್ರವು 1960ರಲ್ಲಿ ತೆರೆಕಂಡಿತು. ಕಲಾವಿದರು ಸಂಭಾವನೆಗಾಗಿ ಕಾಯದೆ ತಾವೇ ಹೊಣೆ ಹೊತ್ತ ಈ ಪ್ರಯತ್ನವು ಕನ್ನಡ ಚಿತ್ರೋದ್ಯಮದ ಇತಿಹಾಸದಲ್ಲಿ ಮಹತ್ವದ ಘಟ್ಟವಾಗಿದೆ.

ಅಭಿಮಾನ್ ಸ್ಟುಡಿಯೋ

ಕನ್ನಡ ಚಿತ್ರಗಳು ಕನ್ನಡ ನೆಲದಲ್ಲಿಯೇ ತಯಾರಾಗಬೇಕೆಂಬುದು ಶ್ರೀಯುತರ ಹಂಬಲವಾಗಿತ್ತು. ಈ ಉದ್ದೇಶದಿಂದ ಇವರು ಬೆಂಗಳೂರಿನ ಕೆಂಗೇರಿ ಸಮೀಪ, ಸರ್ಕಾರದಿಂದ ಮಂಜೂರಾದ ಸುಮಾರು 20 ಎಕರೆ ಜಮೀನಿನಲ್ಲಿ ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದರು. ಪೋಷಕ ನಟರೊಬ್ಬರು ತಮ್ಮ ದುಡಿಮೆಯ ಹಣವನ್ನು ಇಂತಹ ಉದ್ಯಮಕ್ಕೆ ತೊಡಗಿಸುವುದು ಅಂದಿಗೆ ದೊಡ್ಡ ಸಾಹಸವೇ ಸರಿ. ಸ್ಟುಡಿಯೋ ಎಂದರೆ ಕಟ್ಟಡ, ವಿದ್ಯುತ್, ಯಂತ್ರೋಪಕರಣ ಮತ್ತು ಸಿಬ್ಬಂದಿಯ ವೆಚ್ಚ ನಿರಂತರವಾದುದು. ಬಾಡಿಗೆಯ ಆದಾಯ ಮಾತ್ರ ಚಿತ್ರಗಳ ಸಂಖ್ಯೆಯನ್ನು ಅವಲಂಬಿಸಿದುದು. ಈ ಅಂತರವು ಸಾಲದ ಹೊರೆಯಾಗಿ ಇವರನ್ನು ಕೊನೆಯವರೆಗೂ ಕಾಡಿತು. ಸ್ಟುಡಿಯೋ ಇವರಿಗೆ ಲಾಭವನ್ನು ತಂದುಕೊಡಲಿಲ್ಲ. ಆದರೂ ಮದ್ರಾಸಿನಿಂದ ಬೆಂಗಳೂರಿಗೆ ಚಿತ್ರೋದ್ಯಮವನ್ನು ತರುವ ಪ್ರಯತ್ನಗಳಲ್ಲಿ ಇದೂ ಒಂದು ಮುಖ್ಯ ಹೆಜ್ಜೆಯಾಗಿ ಉಳಿದಿದೆ. ದಿನಾಂಕ 30-12-2009ರಂದು ನಿಧನರಾದ ನಟ ಡಾ. ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಇದೇ ಆವರಣದಲ್ಲಿ.

ನಿಧನ

ಇಳಿವಯಸ್ಸಿನಲ್ಲಿಯೂ ಅಭಿನಯವನ್ನು ಮುಂದುವರಿಸಿದ್ದ ಶ್ರೀ ಬಾಲಕೃಷ್ಣ ಅವರು ದಿನಾಂಕ 19-7-1995ರಂದು ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಇವರ ಜೀವಿತಾವಧಿಯಲ್ಲಿ ಕನ್ನಡ ಚಿತ್ರರಂಗವು ಮೂಕಿಯಿಂದ ವಾಕ್ಚಿತ್ರಕ್ಕೂ, ಕಪ್ಪುಬಿಳುಪಿನಿಂದ ವರ್ಣಕ್ಕೂ ಸಾಗಿತ್ತು.

ಸಾರ್ವಜನಿಕರ ಗಮನಕ್ಕೆ

ಶ್ರೀಯುತರು ವೃತ್ತಿ ಆರಂಭಿಸಿದ ದಿನಗಳಲ್ಲಿ ಶ್ರವಣದೋಷವುಳ್ಳವರಿಗೆ ಕಾನೂನಿನ ರಕ್ಷಣೆ ಇರಲಿಲ್ಲ. ಪ್ರಸ್ತುತ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನ್ವಯ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಲಾಗಿದ್ದು, ಕಿವುಡುತನ ಹಾಗೂ ಮಂದ ಶ್ರವಣ ಇವುಗಳಲ್ಲಿ ಸೇರಿವೆ. ಅರ್ಹರು ನಿಗದಿತ ವೈದ್ಯಕೀಯ ತಪಾಸಣೆಯ ನಂತರ ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಬಹುದಾಗಿದೆ. ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಯೋಜನೆಯೂ ಇರುತ್ತದೆ. ಕಿವಿ ಕೇಳಿಸದು ಎಂಬ ಒಂದೇ ಕಾರಣಕ್ಕೆ ಮಗುವನ್ನು ಶಾಲೆಯಿಂದಾಗಲಿ, ಯುವಜನರನ್ನು ಉದ್ಯೋಗದಿಂದಾಗಲಿ ದೂರವಿಡುವ ಮುನ್ನ, ಬಾಲಣ್ಣನವರ ಐದು ದಶಕಗಳ ದುಡಿಮೆಯನ್ನು ಪೋಷಕರು ಮತ್ತು ಉದ್ಯೋಗದಾತರು ನೆನೆಯುವುದು ಸೂಕ್ತ.