ಹೆರಿಗೆಗೆ ಮೊದಲೂ ರಜೆ ಬೇಕೆಂದ ಬಾಬಾಸಾಹೇಬರು

ಸಂವಿಧಾನ ಶಿಲ್ಪಿ ಅಂಬೇಡ್ಕರ್ ನಿಮಗೆ ಗೊತ್ತು. ಬಸುರಿಯರ ಪರ ವಾದಿಸಿದ ಅಂಬೇಡ್ಕರ್ ಗೊತ್ತಾ? 1891ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡರು. ಪತ್ನಿ ರಮಾಬಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಒಬ್ಬನೇ. 1928ರಲ್ಲಿ ಮುಂಬಯಿ ಶಾಸನಸಭೆಗೆ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆ ಮಸೂದೆ ಬಂದಾಗ ಬೆಂಬಲಕ್ಕೆ ನಿಂತರು. ಹೆರಿಗೆಗೆ ಮೊದಲೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಕ್ಕರೆ ದೇಶಕ್ಕೇ ಒಳ್ಳೇದು, ದುಡಿಸಿಕೊಳ್ಳುವ ಮಾಲೀಕರೂ ಖರ್ಚು ಹೊರಲಿ ಎಂಬುದು ಅವರ ವಾದ. 1929ರಲ್ಲಿ ಕಾನೂನು ಬಂತು. 1956ರಲ್ಲಿ ಅವರು ತೀರಿಕೊಂಡರು.

ಈಗ ಕಾನೂನಿನಡಿ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತಗೋಬಹುದು. ಮಗಳೋ ಸೊಸೆಯೋ ಬಸುರಿಯಾಗಿ ಕೆಲಸಕ್ಕೆ ಹೋಗ್ತಿದ್ದರೆ, ರಜೆಯೆಲ್ಲ ಆಮೇಲಿಗೇ ಉಳಿಸು ಅನ್ನಬೇಡಿ. ಸುಸ್ತಾದರೆ ಮೊದಲೇ ಹಾಕಲಿ, ತಪಾಸಣೆ ತಪ್ಪಿಸದಿರಲಿ.