ಹಕ್ಕಿಗಳ ಲೆಕ್ಕವಿಟ್ಟ ಸಲೀಂ ಅಲಿ

ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಅದೇ ತಿಂಗಳ 12ರಂದು, 1896ರಲ್ಲಿ, ಈ ಮುಂಬಯಿಯಲ್ಲೇ ಹುಟ್ಟಿದ ಒಬ್ಬ ಮಹನೀಯರನ್ನು ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಮಗೆ ತೋರಿತು. ಅವರು ಕನ್ನಡಿಗರಲ್ಲ. ಆದರೆ ಕಾವೇರಿಯ ನಡುಗಡ್ಡೆಗಳಲ್ಲಿ ಇಂದಿಗೂ ಕೊಕ್ಕರೆಗಳು ನಿರ್ಭಯವಾಗಿ ಗೂಡು ಕಟ್ಟುತ್ತಿರುವುದಕ್ಕೆ ಅವರ ಋಣ ನಮ್ಮ ಮೇಲಿದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರೇ ಆ ಮಹನೀಯರು. ಬ್ಯಾಂಕಿನ ಖಾತೆಪುಸ್ತಕಗಳ ನಡುವೆ ದಿನ ಕಳೆಯುವ ನಮಗೆ ಪಕ್ಷಿಶಾಸ್ತ್ರದಲ್ಲಿ ಪಾಂಡಿತ್ಯವೇನೂ ಇಲ್ಲ. ಆದರೂ ಈ ಬಾಳಿನಲ್ಲಿ ನಮ್ಮಂಥವರನ್ನು ಹಿಡಿದು ನಿಲ್ಲಿಸುವ ಸಂಗತಿಗಳು ಹಲವು ಉಂಟು.

ಅವರಿಗೆ ಒಂದು ವರ್ಷ ತುಂಬಿದಾಗ ತಂದೆ, ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ತುಂಬಿದ ಮನೆಯಲ್ಲಿ ಬಾಲಕನು ಬೆಳೆದನು. ಮಾವನವರಿಗೆ ಬೇಟೆಯ ಹವ್ಯಾಸ. ಹುಡುಗನ ಕೈಗೂ ಒಂದು ಆಟದ ಗಾಳಿಬಂದೂಕು ಬಂತು. ಒಂದು ದಿನ ಅದರಿಂದ ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದೆಂತಹ ಗುಬ್ಬಿ ಎಂಬುದು ಮಾವನವರಿಗೂ ತಿಳಿಯದು. ಅವರು ಕೊಟ್ಟ ಪತ್ರವನ್ನು ಹಿಡಿದು ಹುಡುಗನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಮಿಲ್ಲಾರ್ಡ್ ಎಂಬ ಆಂಗ್ಲರ ಬಳಿಗೆ ಅಳುಕುತ್ತಲೇ ಹೋದನು. ಅವರು ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿದುದಲ್ಲದೆ, ಸೊಸೈಟಿಯ ಪಕ್ಷಿಸಂಗ್ರಹವನ್ನೆಲ್ಲ ತೋರಿಸಿದರು. ಅಲ್ಲಿಂದ ಮುಂದೆ ಆ ಸೊಸೈಟಿಯೊಡನೆ ಬೆಳೆದ ನಂಟು ಕೊನೆಯವರೆಗೂ ಬಿಡಲಿಲ್ಲ.

ಕಾಲೇಜಿನ ವಿದ್ಯೆ ಮಾತ್ರ ನೆಟ್ಟಗೆ ಸಾಗಲಿಲ್ಲ. ಮೊದಲ ವರ್ಷದಲ್ಲೇ ಬಿಟ್ಟು, ಮನೆಯವರ ಗಣಿ ಹಾಗೂ ಮರದ ವ್ಯವಹಾರ ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡೇ ಅವರನ್ನು ಸೆಳೆಯಿತು. 1917ರಲ್ಲಿ ಮುಂಬಯಿಗೆ ಮರಳಿ ದಾವರ್ ಕಾಮರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನನ್ನೂ ಲೆಕ್ಕಪತ್ರವನ್ನೂ ಓದಿದರು. ಬಿ.ಕಾಂ. ಮಾಡಿಕೊಂಡ ನಮಗೆ ಈ ಸಂಗತಿ ತಿಳಿದಾಗ ಒಳಗೊಳಗೇ ಹಿಗ್ಗಾಯಿತೆಂಬುದನ್ನು ಮರೆಮಾಚುವುದಿಲ್ಲ. ಆದರೆ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರು ಇವರ ಒಲವನ್ನು ಗುರುತಿಸಿ ಪ್ರಾಣಿಶಾಸ್ತ್ರದತ್ತ ತಿರುಗಿಸಿದರು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಕೆಲಸ ದೊರೆಯಿತು. ಎರಡು ವರ್ಷಗಳ ತರುವಾಯ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಸ್ಟ್ರೆಸೆಮಾನ್ ಎಂಬ ವಿದ್ವಾಂಸರಲ್ಲಿ ಶಿಷ್ಯವೃತ್ತಿ ಮಾಡಿದರು. 1930ರಲ್ಲಿ ಹಿಂದಿರುಗಿ ನೋಡಿದರೆ, ಹಣದ ಅಭಾವದಿಂದ ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಸಂಬಳವಿಲ್ಲದ ಸಂಸಾರಸ್ಥನ ಪಾಡು ಏನೆಂಬುದನ್ನು ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ದಂಪತಿಗಳು ಬಂದರಿನಾಚೆಯ ಕಿಹೀಮ್ ಎಂಬ ಕಡಲಂಚಿನ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಬೇರೆ ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಅವುಗಳ ಸಂಸಾರವನ್ನು ಕಣ್ಣಿಟ್ಟು ನೋಡಿದರು. ಗಂಡು ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದಕ್ಕೆ ಒಪ್ಪಿಗೆಯಾದರೆ ಗಂಡು ಗೂಡನ್ನು ಪೂರ್ತಿಗೊಳಿಸುತ್ತದೆ. ಹೆಣ್ಣು ಮೊಟ್ಟೆಗಳ ಮೇಲೆ ಕುಳಿತೊಡನೆ ಈ ಮಹಾಶಯನು ಇನ್ನೊಂದು ಗೂಡನ್ನು ಆರಂಭಿಸಿ ಮತ್ತೊಬ್ಬಳಿಗಾಗಿ ಕಾಯುತ್ತಾನೆ! ಈ ವಿಷಯವಾಗಿ ಪ್ರಕಟಿಸಿದ ಪ್ರಬಂಧದಿಂದ ಅವರ ಹೆಸರು ವಿದ್ವಾಂಸರಲ್ಲಿ ಹರಡಿತು. ಬಳಿಕ ಅವರು ಸಂಸ್ಥಾನಗಳಿಗೆ ಒಂದು ಏರ್ಪಾಡನ್ನು ಸೂಚಿಸಿದರು: ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಪಕ್ಷಿಗಳ ಸಮೀಕ್ಷೆ ಮಾಡಿಕೊಡಲಾಗುವುದು. ಹೀಗೆ ಹೈದರಾಬಾದು, ಕೊಚ್ಚಿ, ತಿರುವಾಂಕೂರುಗಳನ್ನು ಸುತ್ತಿದರು. ಸಂಗ್ರಹಕ್ಕಾಗಿ ಸಾವಿರಾರು ಹಕ್ಕಿಗಳನ್ನು ಅವರೇ ಬಂದೂಕಿನಿಂದ ಹೊಡೆದರೆಂಬುದೂ ನಿಜ. ಇಂದು ಅದು ಮನಸ್ಸಿಗೆ ಹಿಡಿಸದು; ಆದರೆ ಯಾವ ಹಕ್ಕಿ ಎಲ್ಲಿದೆಯೆಂಬ ನಮ್ಮ ತಿಳಿವಳಿಕೆಯ ಬಹುಭಾಗ ಆ ಸಂಗ್ರಹದಿಂದಲೇ ಬಂದುದು.

ಕಾಡುಮೇಡುಗಳಲ್ಲಿ ಜೊತೆಗಿದ್ದ ಪತ್ನಿ ತೆಹಮಿನಾ 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ದುಃಖ ಆರುವ ಮುನ್ನವೇ ಮೈಸೂರು ಸಂಸ್ಥಾನದ ಸಮೀಕ್ಷೆ ಆರಂಭವಾಯಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಹಿಂದಿನ ಅರಸರು ಕಟ್ಟಿಸಿದ ಅಣೆಕಟ್ಟಿನಿಂದ ಉಂಟಾದ ನಡುಗಡ್ಡೆಗಳನ್ನು ಅವರು ಕಂಡುದು ಆಗಲೇ. ಸುತ್ತ ಹರಿಯುವ ನೀರು ನರಿ, ಕಾಡುಬೆಕ್ಕುಗಳನ್ನು ದೂರವಿಡುತ್ತದೆ. ನೀರುಕಾಗೆಗೆ ಹೊಳೆಯ ಮೀನು ಬೇಕು, ಬಾಯ್ಕಳಕ ಕೊಕ್ಕರೆಗೆ ಕೆಸರಿನ ಬಸವನಹುಳು ಬೇಕು, ಗೂಡಿಗೆ ಮರ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮರಿ ಉಳಿಯದು. ಆದುದರಿಂದ ಹಕ್ಕಿಯನ್ನು ಕಾಯಬೇಕಾದರೆ ಆ ಸ್ಥಳವನ್ನೇ ಕಾಯಬೇಕೆಂದು ಅವರು ಅರಮನೆಯವರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಮನೆಮನೆಯನ್ನು ಸೇರಿತು. ಕನ್ನಡನಾಡಿಗೂ ಅವರಿಗೂ ಇನ್ನೊಂದು ನಂಟು 1957ರಿಂದ ಬೆಳೆಯಿತು. ಆ ವರ್ಷ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮನುಷ್ಯರೂ ಮಡಿದರು. ಅದರ ವೈರಸ್ಸು ರಷ್ಯದ ಕಡೆಯ ಒಂದು ಕಾಯಿಲೆಯದನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ತಂದವೋ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಪತ್ತೆಹಚ್ಚುವ ದೊಡ್ಡ ಕಾರ್ಯವನ್ನು ಅವರ ನೇತೃತ್ವದಲ್ಲಿ ಕೈಗೊಂಡಿತು. ಮುಂದೆ ರಿಪ್ಲೆ ಅವರೊಡನೆ ಬರೆದ ಹತ್ತು ಸಂಪುಟಗಳು 1968ರಿಂದ 1974ರವರೆಗೆ ಹೊರಬಂದವು. ಅಂತರರಾಷ್ಟ್ರೀಯ ಬಹುಮಾನವಾಗಿ ಬಂದ 50,000 ಡಾಲರುಗಳನ್ನೂ ಸೊಸೈಟಿಗೇ ಕೊಟ್ಟರು.

ಇಷ್ಟು ಹೇಳಿ ಭರತಪುರದ ಮಾತು ಬಿಟ್ಟರೆ ಲೆಕ್ಕ ಸರಿಹೋಗದು. ಅಲ್ಲಿಯ ಘನಾ ಸರೋವರ ಮಹಾರಾಜರ ಬಾತುಬೇಟೆಯ ತಾಣ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಒಂದೇ ದಿನದ ಬೇಟೆಯಲ್ಲಿ 4,273 ಹಕ್ಕಿಗಳು ಬಿದ್ದವು. ಸ್ವಾತಂತ್ರ್ಯಾನಂತರ ಆ ನೀರನ್ನು ಬಸಿದು ಹೊಲ ಮಾಡುವ ಒತ್ತಾಯ ಬಂದಾಗ ಸಲೀಂ ಅಲಿಯವರು ದೆಹಲಿಯವರೆಗೆ ದೂರೊಯ್ದು ಅದನ್ನು ಉಳಿಸಿದರು. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು. ಎಮ್ಮೆಗಳ ಮೇವಿನಿಂದ ಹಕ್ಕಿಗಳಿಗೆ ಹಾನಿಯೆಂದು ಅವರೂ ಇತರ ತಜ್ಞರೂ ನಂಬಿದ್ದರು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರಾಗಿ ಜನ ಸತ್ತರು. ಎಮ್ಮೆಗಳು ಹೋದ ಮೇಲೆ ಹುಲ್ಲು ಒತ್ತಾಗಿ ಬೆಳೆದು ನೀರನ್ನೇ ಮುಚ್ಚಿತು. ಈಜುವ ಹಕ್ಕಿಗಳಿಗೆ ತೆರೆದ ನೀರಿಲ್ಲದಂತಾಯಿತು. ಎಮ್ಮೆಯೂ ಆ ಸರೋವರದ ಬಾಳಿಗೆ ಬೇಕಾದುದೆಂದು ತೋರಿಸಿಕೊಟ್ಟುದು ಅವರದೇ ಸೊಸೈಟಿಯ ವರ್ಷಾನುಗಟ್ಟಲೆಯ ಅಧ್ಯಯನ. ರಂಗನತಿಟ್ಟಿನಲ್ಲಿ ಮೀನನ್ನೂ ಮರವನ್ನೂ ಲೆಕ್ಕಕ್ಕೆ ಹಿಡಿದವರು ಇಲ್ಲಿ ಎಮ್ಮೆಯನ್ನೂ ಎಮ್ಮೆ ಕಾಯುವವರನ್ನೂ ಬಿಟ್ಟರೆಂಬುದು ನಮಗೆ ಇಂದಿಗೂ ನೋವಿನ ಸಂಗತಿ.

ಆ ಅಧ್ಯಯನ ಮುಗಿಯುವ ಹೊತ್ತಿಗೆ ಅವರು ಇರಲಿಲ್ಲ. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಕಾಲವಾದರು. ರಂಗನತಿಟ್ಟು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತಾರ ಒಂದು ಚದರ ಕಿಲೋಮೀಟರೂ ಇಲ್ಲ. ಊರಿಗೆ ಹೋದಾಗ ಮೈಸೂರಿನ ಕಡೆ ಹಾದುಹೋಗುವ ಬಂಧುಗಳು ಒಂದು ಬೆಳಗನ್ನು ಅದಕ್ಕೆಂದು ತೆಗೆದಿಡಬಹುದು. ದೋಣಿಯಲ್ಲಿ ಗೂಡುಗಳ ಸಮೀಪದವರೆಗೂ ಕರೆದೊಯ್ಯುತ್ತಾರೆ.